ಕಿವಿಯ ಹೆಸರಿನದು

ರಾತ್ರಿ ಎರಡೂ ಹತ್ತಕ್ಕೆ ಬಾಟಲಿ ಕೂಗಿತು.
ಕೂಗೆಂದರೆ ಕೂಗೇನಲ್ಲ, ಪೆಟ್ಟಿಗೆಯ ಮೇಲೊಂದು ಹಳದಿ ದೀಪ,
ಮೂಗಿಲಿಯಷ್ಟು ಸದ್ದು.
ರಕ್ತದಲ್ಲಿ ಇನ್ಯಾರೋ ಉಸಿರಾಡುತ್ತಿದ್ದಾರೆಂದು ಅರ್ಥ.
ಐಸಿಯು, ಹಾಸಿಗೆ ಒಂಬತ್ತು. ರಾಜಮಲ್ಲು ಚಿಟ್ಯಾಲ, ಐವತ್ತೆಂಟು.

ಗಾಜಿಗೆ ಹನಿ ಸವರಿ, ಬಣ್ಣ ಹಾಕಿ, ತೊಳೆದು ನೋಡಿದೆ:
ನೇರಳೆ ಮೊಟ್ಟೆಗಳು, ಕೆಲವಕ್ಕೆ ಬೆನ್ನ ಮೇಲೊಂದು ಮರಿ.
ಯೀಸ್ಟು. ಬ್ರೆಡ್ಡು ಉಬ್ಬಿಸುವುದರ ದೂರದ ನೆಂಟ.
ಯಾವ ಮನೆತನದ್ದೆಂದು ಮುಖ ನೋಡಿ ಹೇಳಲಾಗದು.

ಹೋದ ವರ್ಷದ ತನಕ ನನ್ನ ವಿದ್ಯೆ ಇಲ್ಲಿಗೇ ನಿಲ್ಲುತ್ತಿತ್ತು.
ತಟ್ಟೆಯಲ್ಲಿ ಬಿತ್ತಿ ಕಾಯುವುದು, ಎರಡು ದಿನ, ಮೂರು ದಿನ.
ಹಳೆಯ ಯಂತ್ರ ಪ್ರತಿ ಸಲ ಬೇರೆಯೇ ಹೆಸರು ಹೇಳುವುದು,
ಪಕ್ಕದ ಮನೆಯವನನ್ನು ಹಿಡಿದುಕೊಟ್ಟ ಸಾಕ್ಷಿಯ ಹಾಗೆ.
ಆಮೇಲೆ ಥರ್ಮಾಕೋಲ್ ಡಬ್ಬಿ, ಪುಣೆಯ ಬಸ್ಸು,
ಡ್ರೈವರನ ಕೈಗೆ ನೂರು ರೂಪಾಯಿ.
ಸೊಲ್ಲಾಪುರಕ್ಕೆ ಪತ್ರ ಬರುವಷ್ಟರಲ್ಲಿ
ಹಾಸಿಗೆಗೆ ಬೇರೆಯವರು ಬಂದಿರುತ್ತಿದ್ದರು.
ಸರಿಯಾದ ಉತ್ತರವನ್ನು ನಾನು ಫೈಲಿಗೆ ಚುಚ್ಚುತ್ತಿದ್ದೆ.
ಅಂಥವು ಏಳಿವೆ ಕಪಾಟಿನಲ್ಲಿ.

ಈಗ ಹೊಸ ಪೆಟ್ಟಿಗೆ ಇದೆ, ರೊಟ್ಟಿ ಬುಟ್ಟಿಯಷ್ಟು.
ಅಂಗೈಯಗಲದ ಕಾರ್ಟ್ರಿಜ್ಜಿಗೆ ಹನಿ ಬಿಟ್ಟು ಬಾಗಿಲು ಮುಚ್ಚಿದರೆ
ಒಂದು ತಾಸು ನಲವತ್ತು ನಿಮಿಷ.
ಬಿಸಿ, ತಂಪು, ಬಿಸಿ, ತಂಪು. ಒಳಗೆ ಒಂದು ಎಳೆ ಎರಡಾಗುತ್ತದೆ,
ಎರಡು ನಾಲ್ಕು.
ಮಗ್ಗದ ಊರಲ್ಲಿ ಹುಟ್ಟಿದವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.
ಚಹಾ ಆರಿತು. ಪರದೆಯ ತಳಕ್ಕೆ ಅಂಟಿ ಮಲಗಿದ್ದ ಗೆರೆ
ಮೂರೂವರೆ ದಾಟಿದ ಮೇಲೆ ತಲೆ ಎತ್ತಿತು.

ಕ್ಯಾಂಡಿಡಾ ಆರಿಸ್.
ಎಲ್ಲೋ ದೂರದೇಶದಲ್ಲಿ ಒಬ್ಬ ಮುದುಕಿಯ ಕಿವಿಯಲ್ಲಿ ಮೊದಲು ಸಿಕ್ಕಿತಂತೆ,
ಅದಕ್ಕೇ ಕಿವಿಯ ಹೆಸರು.
ಹೆಸರಿಗಷ್ಟೇ ಕಿವಿ; ಔಷಧದ ಮಾತು ಕೇಳುವುದಿಲ್ಲ.
ಎರಡನೆಯ ಗೆರೆಯೂ ಎದ್ದಿತು: ಫ್ಲುಕೊನಜೋಲ್ ನಡೆಯದು.
ಐದು ದಿನದಿಂದ ರಾಜಮಲ್ಲುವಿಗೆ ಏರುತ್ತಿದ್ದುದು ಅದೇ.

ಕುಂಭಾರೀಕರ ಡಾಕ್ಟರು ನಿದ್ದೆಯಲ್ಲೇ ಕೇಳಿದರು, ಖಾತ್ರಿನಾ?
ಹದಿನಾಲ್ಕು ವರ್ಷದ ಕೆಲಸದಲ್ಲಿ ಬೆಳಕು ಹರಿಯುವ ಮೊದಲು
ಖಾತ್ರಿ ಅಂದದ್ದು ನಾನು ಅದೇ ಮೊದಲು.
ಸ್ಟೋರಿನ ಕೀಲಿ ಹುಡುಕಿದರು. ಬೇರೆ ಔಷಧ, ನಾಲ್ಕೇ ಸೀಸೆ.
ಐದಕ್ಕೆ ಮೊದಲ ಹನಿ.

ಬೆಳಿಗ್ಗೆ ಒಂಬತ್ತನೆಯ ಹಾಸಿಗೆ ಮೂಲೆಯ ಕೋಣೆಗೆ ಹೋಯಿತು.
ಕಂಬಿ, ಸ್ಟ್ಯಾಂಡು, ಬಿಪಿ ಪಟ್ಟಿ, ಎಲ್ಲಕ್ಕೂ ಬ್ಲೀಚು.
ಉಳಿದದ್ದು ಚಾದರ.
ಸಿಸ್ಟರು ಹಳದಿ ಚೀಲ ಹಿಡಿದು ನಿಂತಿದ್ದರು, ಸುಡುವ ಚೀಲ.
ಮಾತಾಡಲು ನನ್ನನ್ನು ಕರೆದರು,
ಅನಸವ್ವನ ಮರಾಠಿ ಅಳುವಾಗ ಕೈಕೊಡುತ್ತದೆ ಎಂದು.

ಬೀಡಿ ಸುತ್ತಿ ಸವೆದ ಬೆರಳು ಚಾದರದ ಅಂಚಿನಲ್ಲಿ.
"ಒಗೀತೀನಿ ಬಾಯಿ. ಸೋಡಾ ಹಾಕಿ ಕುದಸ್ತೀನಿ.
ಮಗ್ಗ ಭಂಗಾರಕ್ಕ ಹೋಗೂ ಮುಂಚಿನ ವಾರ ನೇದಿದ್ದು ಅವರು.
ಅದರ ಮ್ಯಾಲಿಂದು ಇನ್ನ ಬರೂದಿಲ್ಲ."
ನಮ್ಮೂರಲ್ಲಿ ಒಂದು ಮಹಾಪ್ರಾಣ ಹೋದರೆ ಗುಜರಿಯೂ ಚಿನ್ನ.
ಆಮೇಲೆ ತಗ್ಗಿದ ದನಿ:
"ಇದು ನಮ್ಮ ಮನೀದಾ, ನಿಮ್ಮ ದವಾಖಾನೀದಾ?"

ಅದಕ್ಕೆ ಯಾವ ಪೆಟ್ಟಿಗೆಯಲ್ಲೂ ಗೆರೆ ಏಳುವುದಿಲ್ಲ.
ದವಾಖಾನೆಯದೇ ಇರಬೇಕು ಅಂದೆ. ಸಿಸ್ಟರು ಕಿಟಕಿ ನೋಡಿದರು.

ಕಾರ್ಟ್ರಿಜ್ಜು ಇನ್ನು ಎರಡೇ ಇವೆ; ಚಾದರಕ್ಕೆಂದು ಕೇಳಿದರೆ ನಗುತ್ತಾರೆ.
ಒದ್ದೆ ಹತ್ತಿಯಿಂದ ನಾಲ್ಕೂ ಅಂಚು, ನಡುವಿನ ನವಿಲು ಒರೆಸಿ
ತಟ್ಟೆಯಲ್ಲಿ ಬಿತ್ತಿದ್ದೇನೆ, ಹಳೆಯ ಪದ್ಧತಿ.
ಚಾದರಕ್ಕೆ ಜ್ವರವಿಲ್ಲ, ಕಾಯಬಲ್ಲದು.
ಚೀಲದ ಬಾಯಿ ಕಟ್ಟಿ, ಸುಡಬೇಡಿ ಎಂದು ಮೂರು ಭಾಷೆಯಲ್ಲಿ ಬರೆದು
ಕೆಳಗೆ ನನ್ನ ಸಹಿ.

ಅವನ ಜ್ವರ ನೂರೊಂದಕ್ಕೆ ಇಳಿದಿದೆ.
ತಟ್ಟೆಗೆ ಇವತ್ತು ಎರಡನೆಯ ದಿನ.
ಬೆಳಕಿಗೆ ಹಿಡಿದು ನೋಡಿದೆ, ಓರೆ ಮಾಡಿ ನೋಡಿದೆ.
ಏನೂ ಮೊಳೆತಿಲ್ಲ.
ಇನ್ನೂ.