ಅರ್ಥ: ತಿಳಿಯದು

ನನಗೆ ಕೊಟ್ಟ ಕೆಲಸ ಇಷ್ಟೇ:
ಕಾರ್ಖಾನೆ ಗೇಟಿನೆದುರು ಆ ಸಿಂಧಿ ಮುದುಕ
ಏನು ಹಾಡುತ್ತಾನೆ, ಬರೆದು ತರುವುದು.
ಮಫ್ತಿಯಲ್ಲಿ ಹೋಗು ಎಂದರು.
ಹೋದೆ. ಕಾಲಲ್ಲಿ ಇಲಾಖೆಯ ಬೂಟು.
ಚಹದಂಗಡಿ ಹುಡುಗ ದೂರದಿಂದಲೇ ಕೂಗಿದ:
"ಪೊಲೀಸಣ್ಣನಿಗೊಂದು ಸ್ಟ್ರಾಂಗ್!"

ಹೆಸರು ಖೂಬಚಂದ. ಭದ್ರಾವತಿಯ ಬಾಯಲ್ಲಿ ಕೂಬಣ್ಣ.
ದೇಶ ಒಡೆದ ಮರುವರ್ಷ ಹಡಗಿಳಿದು, ರೈಲು ಹತ್ತಿ,
ಟಿಕೆಟ್ಟಿನ ದುಡ್ಡು ಮುಗಿದ ಊರಲ್ಲಿ ಇಳಿದವನು.
ಹೆಗಲ ಮೇಲೆ ಚಾದರದ ಗಂಟು,
ಕಂಕುಳಲ್ಲಿ ಏಕತಾರಿ.
ಕಂತಿನ ಮೇಲೆ ಚಾದರ ಕೊಡುತ್ತಿದ್ದ;
ಸ್ಟ್ರೈಕಿನ ತಿಂಗಳು ಕಂತು ಕೇಳುತ್ತಿರಲಿಲ್ಲ.
ಇದನ್ನು ಬರೆದುಕೊಂಡೆ. "ಹಣದ ಮೂಲ?" ಎಂದು
ಸಾಹೇಬರು ಅಂಚಿನಲ್ಲಿ ಗೀಚಿದರು.

ಸಂಜೆ ಐದರ ಸೈರನ್ನು ಮುಗಿದ ಮೇಲೆ
ಒಂದು ಕೈ ತಂತಿಗೆ, ಇನ್ನೊಂದು ಗಡಿಗೆಯ ಬೆನ್ನಿಗೆ.
ದನಿ ಮೊದಲು ಕೆಮ್ಮಿನಂತೆ ಬರುತ್ತಿತ್ತು,
ಆಮೇಲೆ ಕುಲುಮೆಯ ಬಾಗಿಲು ತೆರೆದಂತೆ.
ಗುತ್ತಿಗೆಯಾಳುಗಳು, ಅದಿರು ಹೊರುವ ಹೆಂಗಸರು,
ಟಿಫಿನ್ ಕ್ಯಾರಿಯರನ್ನೇ ಬಡಿದು ತಾಳ ಹಾಕುವ ಆರೋಕ್ಯಸ್ವಾಮಿ.
ಒಂದಕ್ಷರ ಗೊತ್ತಿಲ್ಲ ಯಾರಿಗೂ. ತಲೆ ಮಾತ್ರ
ಗೊತ್ತಿದ್ದವರ ಹಾಗೆ ಆಡುತ್ತಿತ್ತು.

ಪುಸ್ತಕ ಇನ್ನೂ ಇದೆ, ಇಲಿ ಅಂಚು ತಿಂದಿದೆ.
ಹಾಡು ಒಂದು. ಅರ್ಥ: ತಿಳಿಯದು.
ಹಾಡು ಎರಡು. ಅರ್ಥ: ತಿಳಿಯದು. ಜನ: ಇನ್ನೂರು.
ಹಾಡು ಮೂರು. ಮಳೆ. ಜನ ಕದಲಲಿಲ್ಲ. ನಾನೂ.

ಹಾಡಿನ ನಡುವೆ ಕನ್ನಡದಲ್ಲಿ ಮಾತಾಡುತ್ತಿದ್ದ.
ಗಂಡು ಹೆಣ್ಣು ಅವನ ನಾಲಿಗೆಗೆ ಒಂದೇ:
"ಮ್ಯಾನೇಜರ್ ಬಂದಳು. ಕೂಲಿ ಕಡಿದಳು.
ಪೊಲೀಸ್ ಬಂದಳು. ಲಾಠಿ ಎತ್ತಿದಳು."
ಜನ ಹೊಟ್ಟೆ ಹಿಡಿದು ನಗುತ್ತಿದ್ದರು.
ನಾನೂ ನಕ್ಕೆ, ಬಾಯಿಗೆ ಪುಸ್ತಕ ಅಡ್ಡ ಹಿಡಿದು.
ನಗುವನ್ನು ಯಾವ ಸೆಕ್ಷನ್ನಿಗೆ ಹಾಕುವುದು?
ಬಿಟ್ಟುಬಿಟ್ಟೆ.
ಸರ್ಕಾರಕ್ಕೆ ಅಪಾಯವಿದ್ದದ್ದು ಅದರಲ್ಲೇ, ಈಗ ಅನಿಸುತ್ತದೆ.

ತುರ್ತು ಪರಿಸ್ಥಿತಿ ಬಂತು.
"ತಿಳಿಯದು ಎಂದರೇನಯ್ಯ? ತಿಳಿದುಕೋ" ಎಂದರು ಮೇಲಿನವರು.
ಆ ಸಂಜೆ ಕಿವಿಗೊಟ್ಟು ಕೂತೆ. ಒಂದು ಶಬ್ದ
ಮತ್ತೆ ಮತ್ತೆ ಬಂತು, ಗಂಟಲು ಕಟ್ಟಿ ಬಂತು:
ಪಾಣಿ, ಪಾಣಿ.
ನಮ್ಮಪ್ಪ ಗೇಣಿದಾರ. ನಮ್ಮನೆಯಲ್ಲಿ ಪಾಣಿ ಎಂದರೆ
ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದರೂ ಕೈಗೆ ಸಿಗದ ಕಾಗದ.
ಬರೆದೆ, ಅಕ್ಷರ ದುಂಡಗೆ:
"ಪಹಣಿ ಕೇಳಿರೆಂದು ಗೇಣಿದಾರರನ್ನು ಎತ್ತಿಕಟ್ಟುತ್ತಿದ್ದಾನೆ."
ಕೆಂಪು ಶಾಯಿಯ ಗೆರೆ ಬಿತ್ತು. ಮೂರನೇ ದಿನ ಜೀಪು.

ಕೋಳ ಹಾಕಿದ್ದು ನಾನೇ. ಹಳೇ ಸೇತುವೆ ಮೇಲೆ
ಎಮ್ಮೆಗಳು ಅಡ್ಡ ಬಂದು ಜೀಪು ನಿಂತಾಗ ಕೇಳಿದೆ:
"ಕೂಬಣ್ಣ, ಆ ಪಾಣಿ ಉಸಾಬರಿ ನಿಂಗ್ಯಾಕೆ ಬೇಕಿತ್ತು?"
ಅವನು ಕೋಳದ ಕೈ ಎತ್ತಿ
ಕೆಳಗೆ ಹರಿಯುವ ಭದ್ರೆಯನ್ನು ತೋರಿಸಿದ.
"ಪಾಣಿ," ಎಂದ. ಅಷ್ಟೇ.
ಎಮ್ಮೆಗಳು ದಾಟಿದವು.

ವರದಿ ತಿದ್ದಿಕೊಡಿ ಎಂದು ರೈಟರನ ಮುಂದೆ ನಿಂತೆ.
ಅವನು ಎಲೆ ಅಡಿಕೆ ದವಡೆಗೆ ಒತ್ತರಿಸಿ,
"ಅದು ಬೆಂಗಳೂರು ಮುಟ್ಟಿ ವಾರ ಆಯ್ತು ಮಾರಾಯ.
ಹರಿದ ನೀರನ್ನ ಯಾರು ವಾಪಸ್ ತರ್ತಾರೆ?"

ಹನ್ನೊಂದನೇ ತಿಂಗಳು, ರಜೆ ಹಾಕಿ, ಶಿವಮೊಗ್ಗದ ಜೈಲಿಗೆ ಹೋದೆ.
ಹೆಂಡತಿ ಬೇಯಿಸಿದ ಅಕ್ಕಿರೊಟ್ಟಿ, ಪೇಪರಿನಲ್ಲಿ ಸುತ್ತಿದ್ದು;
ಎಣ್ಣೆ ಇಳಿದು ಸುದ್ದಿಯ ಆ ಬದಿ ಈ ಬದಿ ಒಂದಾಗಿತ್ತು.
ಅವನು ಚೂರು ಮುರಿದ. ಮೂಗಿಗೆ ಹಿಡಿದ.
"ಮಾನಿ," ಎಂದ.
ನನ್ನ ತಲೆ ತಾನೇ ತಗ್ಗಿತು.
"ಇಲ್ಲ ಕೂಬಣ್ಣ, ಮಾನ ಇದ್ದಿದ್ರೆ ಹಾಗೆ ಬರೀತಿರಲಿಲ್ಲ."
ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.
ರೊಟ್ಟಿಯನ್ನು ಕಣ್ಣೆತ್ತರಕ್ಕೆ ಹಿಡಿದು ಹೇಳಿದ:
"ನೀನಲ್ಲ. ಇದು. ಇದು ಮಾನಿ. ನಮ್ಮಮ್ಮ ಹೀಗನ್ನುತ್ತಿದ್ದ."

ಆಮೇಲೆ ಬ್ಯಾರಕ್ಕಿನ ಕಡೆ ತಿರುಗಿ,
ಗೇಟಿನೆದುರಿನ ಅದೇ ಹಳೆಯ ದನಿಯಲ್ಲಿ:
"ಪೊಲೀಸ್ ಬಂದಳು! ಮಾನಿ ತಂದಳು!"
ಕಂಬಿಯ ಹಿಂದೆ ನಗು ಎದ್ದಿತು.

ಹೊರಗೆ ವಾರ್ಡರ್ ರಿಜಿಸ್ಟರ್ ಚಾಚಿದ.
ಹೆಸರು, ಬಕ್ಕಲ್ ನಂಬರ್ ತುಂಬಿದೆ.
ಭೇಟಿಯ ಕಾರಣ ಎಂಬ ಕಾಲಮ್ಮಿನ ಮೇಲೆ
ಪೆನ್ನು ಹಿಡಿದು ಬಹಳ ಹೊತ್ತು ನಿಂತಿದ್ದೆ.