ಮಹಾಪ್ರಾಣ

ದುರ್ಗಿಗುಡಿಯ ಓಣಿಯೊಳಗೆ ಪ್ರೆಸ್ಸು, ಮೇಲೆ ಅಟ್ಟ.
ಕೆಂಪು ಪೆನ್ನು ಕೊಟ್ಟು ಹುಚ್ಚರಾಯಪ್ಪನವರು ಹೇಳಿದ್ದು ಒಂದೇ:
"ಮೊದಲು ಓದು. ಕೈ ಕಟ್ಟಿಕೊಂಡು ಓದು."

ಸೊಸೈಟಿಯ ವಾರ್ಷಿಕ ವರದಿಯಲ್ಲಿ
ಅಧ್ಯಕ್ಷರು ಹದಿನೇಳು ಸಲ ಹರ್ಷಿಸಿದ್ದರು;
ಒಂದು ಉಳಿಸಿದೆ.
ಜಮೀನಿನ ನೋಟೀಸು: ಪೂರ್ವಕ್ಕೆ ಹಳ್ಳ,
ಪಶ್ಚಿಮಕ್ಕೆ ಖರಾಬು. ಅಲ್ಲಿ ಚಂದದ ಮಾತು ಬೇಡ,
ಹಳ್ಳವನ್ನು ತೊರೆ ಅಂದರೆ ಕೋರ್ಟಿಗೆ ದಾರಿ.
ಅಡುಗೆ ಪುಸ್ತಕದ ಕಳಲೆ ಪಲ್ಯ
ಮನೆಯಲ್ಲಿ ಮಾಡಹೊರಟಾಗಲೇ ತಿಳಿದದ್ದು
ಮೂರು ದಿನ ನೀರು ಬದಲಿಸುವ ಸಾಲೇ
ಬಿಟ್ಟುಹೋಗಿದೆ ಎಂದು.

ಕಲಿತೆ ಅಂದುಕೊಂಡಿದ್ದೆ.

ಗಾಡಿಕೊಪ್ಪದ ಟೈಲರ್ ಸೆಲ್ವರಾಜು ಚೀಟಿ ತಂದ:
"ಶ್ರದ್ದಾಂಜಲಿ. ನಮ್ಮ ಸುಗುಣ ಹೋದಳು.
ಗುಂಡಿ ಹೊಲಿಯೋದು ಅವಳೇ.
ಇನ್ನೂ ಹೊಲಿಯೋದು ಇತ್ತು."
ನನ್ನ ಪೆನ್ನು ಓಡಿತು. ಹೋದಳು ಹೋಗಿ
ದೈವಾಧೀನರಾದರು ಬಂತು,
ಗುಂಡಿಯ ಸಾಲುಗಳ ಮೇಲೆ ಅಡ್ಡಗೀಟು.

ಹುಚ್ಚರಾಯಪ್ಪನವರು ಬೈಯಲಿಲ್ಲ.
ತಮ್ಮ ಅಂಗಿಯ ಎರಡನೇ ಗುಂಡಿಯನ್ನು
ಸುಮ್ಮನೆ ಮುಟ್ಟಿ ನೋಡಿಕೊಂಡರು.

ಹೊಡೆದ ಸಾಲುಗಳ ಕೆಳಗೆಲ್ಲ ಚುಕ್ಕಿ ಇಟ್ಟೆ,
ಇದ್ದದ್ದು ಇದ್ದಹಾಗೇ ಇರಲಿ ಅಂತ.
ತಿದ್ದಿದ್ದು ಒಂದೇ:
ದಕಾರದ ಒತ್ತಿಗೆ ಹೊಟ್ಟೆ ಸೀಳಿದೆ.
ಅಷ್ಟು ಉಸಿರು ಕೊಡುವುದು
ನನ್ನ ಕೈಲಿತ್ತು.