ಕಾಯಬೇಕು ಅದು

ನನ್ನ ಆಂಪ್ ಸತ್ತದ್ದು ಬೆಳಿಗ್ಗೆ ಹನ್ನೊಂದಕ್ಕೆ,
ಮುಳಬಾಗಿಲಲ್ಲಿ ಕರೆಂಟು ಒಂದು ಸಲ ಕುಣಿದು ಕೂತಾಗ.
ಒಂದೆಳೆ ಹೊಗೆ, ಸೀದ ಬೆಲ್ಲದ ವಾಸನೆ, ಅಷ್ಟೇ.
ಸಂಜೆ ಶ್ರೀನಿವಾಸಪುರದಲ್ಲಿ ಆರ್ಕೆಸ್ಟ್ರಾ.
ಅಡ್ವಾನ್ಸು ಈಸಿಕೊಂಡು ಖರ್ಚೂ ಮಾಡಿಯಾಗಿತ್ತು.

ಡ್ರಮ್ಮಿನ ಚೀಲದ ಮೇಲೆ ಕೂತು ಇಮ್ತಿಯಾಜ್ ಅಂದ:
"ಆಂಡರ್ಸನ್‌ಪೇಟೆ ಲೂರ್ದುಸ್ವಾಮಿ ಹತ್ರ ಒಂದಿದೆ.
ಕೊಟ್ರೆ ಕೊಟ್ರು. ಕೇಳೋ ಬಾಯಿ ಮಾತ್ರ ನಿಂದು."

ಲೂರ್ದುಸ್ವಾಮಿ ಬಾಗಿಲಲ್ಲೇ ನಿಂತು
ಮೊದಲು ನನ್ನ ಎಡಗೈ ಬೆರಳು ನೋಡಿದರು,
ಆಮೇಲೆ ಮುಖ.
ಮಂಚದಡಿಯಿಂದ ಎಳೆದರೆ ಪೆಟ್ಟಿಗೆಯಲ್ಲ, ಎಮ್ಮೆಕರು;
ಎತ್ತಲು ಇಬ್ಬರು, ಬಯ್ಯಲು ಒಬ್ಬ.
ನಾಬುಗಳ ಮೇಲಿನ ಅಕ್ಷರ ಎಂದೋ ಅಳಿಸಿಹೋಗಿತ್ತು,
ಬೆರಳು ಓದಿ ಓದಿ.
ಒಂದೊಂದರ ಪಕ್ಕ ಒಂದೊಂದು ಕೆಂಪು ಚುಕ್ಕೆ,
ಉಗುರಿನ ಬಣ್ಣ.
ಹಿಂಬದಿಗೆ ಅಂಟಿಸಿದ ಕ್ಯಾಲೆಂಡರಿನ ಚೂರಲ್ಲಿ
ದುಂಡಗೆ, ಮಗ್ಗಿ ಬರೆಸುವ ಟೀಚರ್ ಕೈಬರಹ:
ಆರು ದಾಟಬೇಡ.

"ಯಾರು ಬರೆದಿದ್ದು?"
"ನಿಂಗೆ ಬೇಕಿದ್ದು ಆಂಪು ತಾನೆ?"
ಎತ್ತಿ ವ್ಯಾನಿಗೆ ಹಾಕುವಾಗ ಮಾತ್ರ ಹಿಂದೆ ಬಂದರು:
"ಒಳಗೆ ವಾಲ್ವ್ ಇದೆ. ಕಾಯಬೇಕು ಅದು.
ನೀನೂ ಕಾಯಬೇಕು."

ಸೀಜನ್ ಮುಗಿದ ಮಾವಿನ ಮಂಡಿ.
ಗುಮಾಸ್ತರ ಮಗಳ ರಿಸೆಪ್ಷನ್.
ಖಾಲಿ ಕ್ರೇಟು ಜೋಡಿಸಿ, ಹಲಗೆ ಹಾಸಿ, ಮೇಲೆ ಕಾರ್ಪೆಟ್ಟು.
ಕಾಲಿಟ್ಟಲ್ಲೆಲ್ಲ ಒಂದು ಕಿರ್ರ್,
ಉಸಿರೆಳೆದರೆ ಹುಲ್ಲು, ಬಾದಾಮಿ ಮಾವಿನ ಹಳಸಲು ಸಿಹಿ.

ಸ್ವಿಚ್ ಒತ್ತಿದೆ. ಕೆಂಪು ದೀಪ ಬಂತು, ದನಿ ಬರಲಿಲ್ಲ.
ತಂತಿ ಮೀಟಿದೆ, ತಂತಿಯಷ್ಟೇ ಕೇಳಿಸಿತು.
ಗುಲ್ನಾರ್ ಮೈಕು ಹಿಡಿದು ವಧೂವರರಿಗೆ
ಎರಡನೇ ಸಲ ಶುಭ ಕೋರಿದಳು,
ಮೂರನೇ ಸಲ ನನ್ನ ಕಡೆ ತಿರುಗಿ ಕೋರಿದಳು.
ಇಮ್ತಿಯಾಜ್ ಕಡ್ಡಿ ತಟ್ಟಿ ಲೆಕ್ಕ ಕೊಟ್ಟೇಬಿಟ್ಟ.
ನಾನು ಐದು ಅಂದೆ, ಆರು ಅಂದೆ,
ಚುಕ್ಕೆ ದಾಟಿ ಏಳಕ್ಕೆ ತಿರುವಿದೆ.

ಆಗ ಎದ್ದಿತು.
ಒಟ್ಟಿಗೇ, ಗೂಡು ಒದ್ದ ಹೆಜ್ಜೇನಿನ ಹಾಗೆ.
ಮದುಮಗಳ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡರು,
ಮಕ್ಕಳು ಇನ್ನೊಮ್ಮೆ ಮಾಡು ಅಂದರು,
ಅಡುಗೆಯವನು ಸೌಟು ಹಿಡಿದೇ ಓಡಿಬಂದ.

ಒಂದೊಂದೇ ನಾಬನ್ನು ಚುಕ್ಕೆಗೆ ತಂದೆ.
ಕಾಣದ ಹೆಂಗಸೊಬ್ಬಳು ಮಣಿಕಟ್ಟು ಹಿಡಿದು
ತಂದು ನಿಲ್ಲಿಸಿದ ಹಾಗೆ.

ಅದು ನನ್ನ ದನಿಯಲ್ಲ.
ನಾನು ಓಡಿಸಿದ ಸ್ವರಗಳನ್ನೆಲ್ಲ
ಒಂದರ ಮೇಲೊಂದು ಪೇರಿಸಿ ಮುದ್ದೆ ಮಾಡಿತು.
ಜನ ಮೆಚ್ಚುವ ಆ ಪಲ್ಟಿ, ಆ ಜಾರು, ಯಾವುದೂ ದಾಟಲಿಲ್ಲ.
ಸಿಟ್ಟು ಬಂತು. ಕೈ ಸೋತಿತು.
ಸೋತ ಕೈಯಿಂದ ಬಿದ್ದ ಒಂದೇ ಒಂದು ಸ್ವರವನ್ನು
ಹಿಡಿದುಕೊಂಡಿತು ನೋಡಿ,
ಗುಲ್ನಾರ್ ಸಾಲು ಮುಗಿಸಿ ನೀರು ಕುಡಿದು ಬರುವವರೆಗೆ
ಬಿಡಲಿಲ್ಲ.
ಮೂಲೆಯ ಹುಲ್ಲಿನಲ್ಲಿ ಮಲಗಿದ್ದ ಹಮಾಲಿ ಎದ್ದು ಕೂತ,
ಬೀಡಿ ಹುಡುಕಿದ, ಹಚ್ಚಲು ಮರೆತ.

ಮಿಕ್ಕ ಹಾಡೆಲ್ಲ ಕಡಿಮೆ ನುಡಿಸಿದೆ.
ಹೆದರಿಕೆ ಅನ್ನಿ ಬೇಕಾದರೆ.

ರಾತ್ರಿ ಒಂದೂವರೆ. ಅವರು ಎದ್ದೇ ಇದ್ದರು.
ಜ್ವರ ನೋಡುವ ಹಾಗೆ ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟರು.
"ಏಳಕ್ಕೆ ಹೋಗಿದ್ದೆ."
ಪ್ರಶ್ನೆಯಲ್ಲ ಅದು.
"ಒಂದು ನಿಮಿಷ," ಅಂದೆ.
"ನಾನೂ ಹೋಗ್ತಿದ್ದೆ. ಅದಕ್ಕೇ ಅವಳು ಬರೆದಿದ್ದು."

ಬಾಡಿಗೆ ಬೇಡ ಅಂದರು.
ಮೂರನೇ ಚುಕ್ಕೆ ನನ್ನ ಬೆವರಿಗೆ ಎದ್ದುಬಂದದ್ದು ಹೇಳಿದೆ.
ಒಳಗೆ ಹೋಗಿ, ತುಂಬ ಹೊತ್ತು ಬಿಟ್ಟು,
ಬೆರಳುದ್ದದ ಒಂದು ಸೀಸೆ ತಂದು ಅಲುಗಿಸಿದರು.
ಒಣಗಿ ಕಲ್ಲಾಗಿತ್ತು.

ಮರುದಿನ ರಾಬರ್ಟ್‌ಸನ್‌ಪೇಟೆ, ಫ್ಯಾನ್ಸಿ ಸ್ಟೋರು.
ಗಾಜಿನ ಮೇಲೆ ಹದಿನಾಲ್ಕು ಕೆಂಪು ಸಾಲಾಗಿ ಇಟ್ಟು
"ಯಾವುದಣ್ಣ?" ಅಂತಾಳೆ ಹುಡುಗಿ.
ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತೇನೆ.
ಹಿಂದೆ ಬಳೆಗೆ ಬಂದವರ ಸಾಲು.
ಅವಳು ಕಾಯುತ್ತಿದ್ದಾಳೆ.